ಮೊದಲು ಮನೆಯ ಪಾಲು, ಆಮೇಲೆ ಪೇಟೆಯ ಪಾಲು

ಅಕ್ಕಲಕೋಟೆ, ಜತ್ತ, ಮಂಗಳವೇಢೆ, ದಕ್ಷಿಣ ಸೊಲ್ಲಾಪುರ ಈ ಸೀಮೆಯ ನಮ್ಮ ಹಳ್ಳಿಗಳಲ್ಲಿ ಫಾಲ್ಗುಣ ಬಂತೆಂದರೆ ಕಣದ ತುಂಬ ಬಿಳಿಜೋಳದ ರಾಶಿ. ಆ ರಾಶಿ ಚೀಲ ತುಂಬಿ ನೆಟ್ಟಗೆ ಪೇಟೆಗೆ ಹೋಗುವದು. ಆಷಾಢ-ಶ್ರಾವಣದಲ್ಲಿ ಅದೇ ಒಕ್ಕಲಿಗನು ಅದೇ ಪೇಟೆಯಿಂದ ಹೆಚ್ಚು ದುಡ್ಡು ತೆತ್ತು ಜೋಳ ತರುವದು. ಇದನ್ನು ನಾವು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಸುಗ್ಗಿಯಲ್ಲಿ ಎಲ್ಲರ ಮಾಲೂ ಒಮ್ಮೆಲೇ ಬರುವದರಿಂದ ದರ ಇಳಿಯುತ್ತದೆ. ಸಾಲದ ಕಂತು, ಮದುವೆಯ ಖರ್ಚು, ಅಂಗಡಿಯ ಉದ್ರಿ ಇವೆಲ್ಲ ಅದೇ ತಿಂಗಳಲ್ಲಿ ಬೆನ್ನು ಹತ್ತುವದೂ ನಿಜವೇ. ಆದರೂ ಮನೆಯ ಪಾಲನ್ನು ಮೊದಲು ಅಳೆದು ಎತ್ತಿಟ್ಟು, ಉಳಿದುದನ್ನಷ್ಟೇ ಮಾರುವದು ಲೇಸು. ಎತ್ತಿಡುವದು ಎಷ್ಟು, ಕೆಡದಂತೆ ಇಡುವದು ಹೇಗೆ ಎಂಬುದನ್ನು ಈ ವಾರ ವಿಚಾರಿಸೋಣ.

ಎಷ್ಟು ಇಡಬೇಕು?

ಐದು ಜನರ ಮನೆಯಲ್ಲಿ ದಿನಕ್ಕೆ 2 ಕಿಲೋ ಕಾಳು ಖರ್ಚೆಂದು ಹಿಡಿದರೆ ವರ್ಷಕ್ಕೆ 730 ಕಿಲೋ ಬೇಕು. 2013ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತೆಯ ಕಾರ್ಡು ಇದ್ದ ಮನೆಗೆ ತಲೆಗೆ ತಿಂಗಳಿಗೆ 5 ಕಿಲೋ, ಅಂದರೆ ಐದು ಜನರಿಗೆ ವರ್ಷಕ್ಕೆ 300 ಕಿಲೋ ಧಾನ್ಯ ಸಿಗುತ್ತದೆ. ಇನ್ನುಳಿದ 430 ಕಿಲೋ ನಮ್ಮ ಕಣದಿಂದಲೇ ಬರಬೇಕು. ಬೀಗರು-ಬಿಜ್ಜರು, ಆಳುಗಳ ಬುತ್ತಿ, ಹಬ್ಬ-ಹುಣ್ಣಿಮೆ ಎಂದು ಕೂಡಿಸಿದರೆ 5 ಕ್ವಿಂಟಲ್ ಜೋಳವನ್ನು ಮಾರದೆ ಇಡತಕ್ಕದ್ದು. ದಿನಕ್ಕೆ ಪಾವು ಕಿಲೋ ಬೇಳೆಯೆಂದರೂ ವರ್ಷಕ್ಕೆ ಸುಮಾರು 90 ಕಿಲೋ ತೊಗರಿ, ಕಡಲೆ, ಹೆಸರು ಬೇಕಾಗುವದು.

ಬೀಜದ ಪಾಲು ಇದಕ್ಕೆ ಹೊರತಾದುದು. ಎಕರೆಗೆ 4 ಕಿಲೋ ಜೋಳದ ಬೀಜ ಸಾಕು. ಆದರೆ ಬಿತ್ತಿದ ಮೇಲೆ ಹಸಿ ಆರಿ ಮೊಳಕೆ ಒಣಗಿದರೆ ಮರುಬಿತ್ತನೆಗೆ ಬೇಕಾಗುವದರಿಂದ ಇಮ್ಮಡಿ ಇಡಿರಿ. ರಾಶಿಯಾದ ಮೇಲೆ ಬೊಗಸೆ ತುಂಬಿ ತೆಗೆದಿಡುವದಕ್ಕಿಂತ, ಹೊಲದಲ್ಲಿ ಬೆಳೆ ನಿಂತಿರುವಾಗಲೇ ಒಳ್ಳೆಯ ತೆನೆಗಳನ್ನು ಆರಿಸಿ ಬೇರೆ ಬಡಿದುಕೊಳ್ಳುವದು ಉತ್ತಮ. ನಮ್ಮ ಮಾಲದಂಡಿ ಜೋಳದ ಬೀಜವನ್ನು ವರ್ಷವರ್ಷವೂ ಮನೆಯಲ್ಲೇ ಇಟ್ಟು ಬಿತ್ತಬಹುದು. ಹೈಬ್ರಿಡ್ ಬೀಜದ ಬೆಳೆಯಿಂದ ಹಾಗೆ ಇಟ್ಟರೆ ಮರುವರ್ಷ ಇಳುವರಿ ತಗ್ಗುತ್ತದೆ.

ಒಣಗಿದ ಕಾಳೇ ಉಳಿಯುವ ಕಾಳು

ಕಾಳು ಕೆಡಲು ಮೊದಲ ಕಾರಣ ಒಳಗಿನ ಹಸಿ. ಹಸಿಯಿದ್ದಲ್ಲಿ ಬೂಷ್ಟು ಹತ್ತುವದು, ನುಸಿ ಬೇಗ ಮರಿಮಾಡುವದು. ಜೋಳದಲ್ಲಿ ತೇವಾಂಶ ನೂರಕ್ಕೆ 12ಕ್ಕಿಂತ ಕಡಿಮೆ ಇರಬೇಕು. ಬೇಳೆಕಾಳಿನಲ್ಲಿ ಇನ್ನೂ ಕಡಿಮೆ. ಇದನ್ನು ಅಳೆಯಲು ಯಂತ್ರವೇ ಬೇಕೆಂದಿಲ್ಲ. ಕಾಳನ್ನು ಹಲ್ಲಿನಿಂದ ಕಡಿದರೆ ಕಟ್ಟೆಂದು ಒಡೆಯಬೇಕು. ಮೆತ್ತಗೆ ಹಲ್ಲಿಗೆ ಒತ್ತಿದರೆ ಇನ್ನೆರಡು ಬಿಸಿಲು ಬೇಕೆಂದು ತಿಳಿಯಿರಿ. ಇನ್ನೊಂದು ಪರೀಕ್ಷೆಯುಂಟು. ಒಣಗಿದ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ, ಮುಚ್ಚಿ ಅಲುಗಾಡಿಸಿ ಹತ್ತು ನಿಮಿಷ ಬಿಡಿರಿ. ಉಪ್ಪು ಗಾಜಿಗೆ ಅಂಟಿದರೆ ಹಸಿ ನೂರಕ್ಕೆ 15ಕ್ಕೂ ಮೇಲಿದೆಯೆಂದು ಅರ್ಥ. ಅಂಟದಿದ್ದರೂ ಹಲ್ಲಿನ ಪರೀಕ್ಷೆ ಬಿಡಬೇಡಿರಿ.

ಬಿಸಿಲಿನಲ್ಲಿ ಒಣಗಿದ ಕಾಳನ್ನು ಬಿಸಿ ಇರುವಾಗ ತುಂಬಬಾರದು. ನೆರಳಿನಲ್ಲಿ ಆರಿಸಿ ತುಂಬಬೇಕು. ಇಲ್ಲವಾದರೆ ಒಳಗೆ ಬೆವೆತು ಮೇಲಿನ ಪದರು ಕೆಡುತ್ತದೆ.

ಬೇಳೆಕಾಳಿನ ಹುಳದ ತತ್ತಿ ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಕೂತು ಮನೆಗೆ ಬಂದಿರುತ್ತದೆ. ಇಡಿಕಾಳಿನಷ್ಟು ಒಡೆದ ಬೇಳೆಗೆ ಆ ಹುಳ ಹತ್ತುವದಿಲ್ಲ. ಆದುದರಿಂದ ನಮ್ಮ ಅವ್ವಂದಿರು ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೇಸಿಗೆಯಲ್ಲೇ ಬೇಳೆ ಒಡೆದಿಡುತ್ತಿದ್ದುದು ಜಾಣತನದ ಕೆಲಸ. ಇಡಿಕಾಳು ಇಡುವದಾದರೆ ಗಡಿಗೆಯಲ್ಲಿ ತುಂಬಿ ಮೇಲೆ ಎರಡು ಬೆರಳು ದಪ್ಪ ಒಣಮರಳು ಹಾಸಿರಿ. ಹುಳಕ್ಕೆ ಹೋಗಿ-ಬಂದು ಮಾಡಲು ದಾರಿ ಇರುವದಿಲ್ಲ. ಕಾಳಿನಲ್ಲಿ ಇಡುವ ವಿಷದ ಗುಳಿಗೆಯನ್ನು ಮಾತ್ರ ಮನೆಯಲ್ಲಿ ತರಲೇಬೇಡಿರಿ. ಅದರ ಹೊಗೆ ಮಲಗಿದ ಮಕ್ಕಳ ಪ್ರಾಣಕ್ಕೆ ಮುಳುವಾಗುವದು.

ಹಗೆ, ಗುಮ್ಮಿ, ಕಣಜ

ಹಿರಿಯರು ಜೋಳವನ್ನು ಹಗೆಯಲ್ಲಿ ಹಾಕುತ್ತಿದ್ದರು. ಬಾಯಿ ಮುಚ್ಚಿ ಮೆತ್ತಿದ ಹಗೆಯಲ್ಲಿ ಕಾಳು ತಾನೇ ಉಸಿರಾಡಿ ಒಳಗಿನ ಪ್ರಾಣವಾಯುವನ್ನು ತೀರಿಸುವದು. ಇಂಗಾಲದ ಗಾಳಿ ತುಂಬಿ ನುಸಿ ಸಾಯುವದು. ಹಗೆಯ ಗುಣ ಇದೇ, ಅಪಾಯವೂ ಇದೇ. ನುಸಿಯನ್ನು ಕೊಂದ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಗೆ ತೆರೆದ ಕೂಡಲೆ ಇಳಿಯಬೇಡಿರಿ. ಒಂದು ದಿನ ಬಾಯಿ ತೆರೆದು ಬಿಟ್ಟು, ಕಂಬಳಿ ಇಳಿಬಿಟ್ಟು ಮೇಲೆ ಕೆಳಗೆ ಬೀಸಿ ಗಾಳಿ ಆಡಿಸಿರಿ. ಇಳಿಸಿದ ದೀಪ ಆರಿದರೆ ಇಳಿಯಲೇಬಾರದು. ಉರಿದರೂ ಅಷ್ಟನ್ನೇ ನಂಬದೆ, ನಡುವಿಗೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಗಟ್ಟಿಗರು ನಿಂತ ಹೊರತು ಕಾಲಿಡಬಾರದು. ಒಳಗಿನವನು ಕುಸಿದರೆ ಹಗ್ಗದಿಂದ ಎಳೆಯಬೇಕೇ ಹೊರತು, ಅವನ ಹಿಂದೆ ಇನ್ನೊಬ್ಬನು ಜಿಗಿಯಬಾರದು. ಒಬ್ಬರ ಹಿಂದೆ ಒಬ್ಬರು ಇಳಿದು ಒಂದೇ ಮನೆಯ ಇಬ್ಬರು ಮೂವರು ಹೋಗುವದು ಹೀಗೆಯೇ.

ಹಗೆ ಬೇಡವೆನ್ನುವವರಿಗೆ ತಗಡಿನ ಕಣಜ ಒಳ್ಳೆಯದು. ಅದನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ, ಬಿಸಿಲು ಬೀಳದಲ್ಲಿ ಇಡಿರಿ. ದಿಲ್ಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ತೋರಿಸಿದ ಕಣಜವನ್ನು ಊರಿನ ಗೌಂಡಿಯೇ ಕಟ್ಟಬಲ್ಲನು. ಇಟ್ಟಿಗೆಯ ಎರಡು ಗೋಡೆಗಳ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಸೇರಿಸಿ ಕಟ್ಟುವದರಿಂದ ಹಸಿ ಒಳಗೆ ಸೇರದು. ಬಿದಿರಿನ ಗುಮ್ಮಿಯೇ ಇದ್ದರೆ ಒಳಗೂ ಹೊರಗೂ ಮಣ್ಣು-ಸಗಣಿ ಮೆತ್ತಿ, ಪೂರ್ತಿ ಒಣಗಿದ ಮೇಲೆಯೇ ಕಾಳು ತುಂಬಿರಿ.

ನೀರೂ ಕೂಡಿಡುವ ಮಾಲೇ

ಕಾಳಿದ್ದು ನೀರಿಲ್ಲದಿದ್ದರೆ ಒಲೆ ಹತ್ತದು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ತಗಡಿನ ಇಲ್ಲವೆ ಸ್ಲ್ಯಾಬಿನ ಮಾಳಿಗೆಯಿದ್ದು, ವರ್ಷದಲ್ಲಿ 500 ಮಿಲಿಮೀಟರ್ ಮಳೆಯಾದರೆ 25,000 ಲೀಟರ್. ಐದನೆಯ ಒಂದು ಪಾಲು ಹೋದರೂ 20,000 ಉಳಿಯಿತು. ಅಡಿಗೆಗೂ ಕುಡಿಯಲಿಕ್ಕೂ ದಿನಕ್ಕೆ 50 ಲೀಟರ್ ಎಂದರೆ, 10,000 ಲೀಟರಿನ ಒಂದು ತೊಟ್ಟಿ 200 ದಿನ ಬಾಳುವದು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ತೊಟ್ಟಿಯನ್ನು ಸೊಳ್ಳೆ ಹೋಗದಂತೆ ಮುಚ್ಚಿ, ಕುಡಿಯುವಾಗ ಕಾಯಿಸಿ ಆರಿಸಿರಿ. ಬಚ್ಚಲ ನೀರಿನ ಕಾಲುವೆಯ ಬದಿಗೆ ಎರಡು ನುಗ್ಗೆ, ಒಂದು ಕರಿಬೇವು, ಬೇಲಿಗೆ ಕುಂಬಳ-ಹೀರೆ ಹಚ್ಚಿದರೆ ಪಲ್ಯದ ಚಿಂತೆಯೂ ಅರ್ಧ ತೀರಿತು.

1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂದು ಹೊಲವಿದ್ದವರೂ ಕಲ್ಲು ಒಡೆಯುವ ಕಾಮಗಾರಿಗೆ ಹೋದರು, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದರು. ಬರದಲ್ಲಿ ಮಂಗಳವೇಢೆಯ ದಾಮಾಜಿಪಂತರು ಬೀದರದ ಸುಲ್ತಾನನ ಕಣಜ ತೆರೆದು ಹಸಿದವರಿಗೆ ಹಂಚಿದ ಕಥೆಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಅಂಥ ಪುಣ್ಯವಂತರು ಪ್ರತಿ ಬರಕ್ಕೂ ಹುಟ್ಟಿಬರುವದಿಲ್ಲ.

ತೆನೆ ತೆನೆ ಕೂಡಿದರೆ ಬಳ್ಳವೆಂದು ಹಿರಿಯರು ಅಂದಿದ್ದಾರೆ. ಒಂದೇ ವರ್ಷಕ್ಕೆ 5 ಕ್ವಿಂಟಲ್ ಆಗದಿದ್ದರೆ ಈ ಸುಗ್ಗಿಗೆ 2 ಕ್ವಿಂಟಲ್ ಇಡಿರಿ, ಬರುವ ಸುಗ್ಗಿಗೆ 3. ಅಳತೆ ಗಂಡಸರದಾಗಲಿ, ಕಣಜದ ಕೀಲಿ ಮನೆಯ ಹೆಂಗಸಿನ ಕೈಯಲ್ಲಿರಲಿ. ಅಡತಿಯ ಗಾಡಿ ಕಣಕ್ಕೆ ಬರುವ ಮುಂಚೆಯೇ ಮನೆಯ ಪಾಲು ಮನೆಯೊಳಗೆ ಸೇರಿರಲಿ.