ಆಸ್ಪತ್ರೆಗೆ ರಕ್ತವು ಬರುವ ಬಗೆ

ಹೆರಿಗೆಯಾದ ಬಳಿಕ ತಾಯಿಯ ರಕ್ತಸ್ರಾವವು ನಿಲ್ಲದೆ ಹೋದಾಗ, ಹೊರಗೆ ಕಾದಿರುವ ಬಂಧುಗಳ ಕಿವಿಗೆ ಬೀಳುವ ಮೊದಲ ಮಾತು "ರಕ್ತ ಬೇಕು" ಎಂಬುದು. ಗಂಡನೋ ತಮ್ಮನೋ ಒಡನೆಯೇ ತೋಳು ಚಾಚಿ, "ನಮ್ಮದನ್ನೇ ತೆಗೆದುಕೊಳ್ಳಿ" ಎನ್ನುತ್ತಾನೆ. ಆ ಔದಾರ್ಯವು ಮೆಚ್ಚತಕ್ಕುದೇ. ಆದರೆ ಆಗ ಕೊಟ್ಟ ರಕ್ತವು ಆ ಗಳಿಗೆಗೆ ಒದಗುವುದಿಲ್ಲ. ಏಕೆ ಒದಗುವುದಿಲ್ಲ, ಹಾಗಾದರೆ ರೋಗಿಗೆ ಏರಿಸುವ ರಕ್ತವು ಎಲ್ಲಿಂದ ಬರುತ್ತದೆ, ಭಟ್ಕಳ, ಹೊನ್ನಾವರ, ಕುಮಟೆಗಳಂಥ ಕಡಲತಡಿಯ ಊರುಗಳವರು ಇದಕ್ಕಾಗಿ ಏನು ಮುಂದಾಲೋಚನೆ ಮಾಡಿರಬೇಕು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಒಬ್ಬರ ರಕ್ತ ಇನ್ನೊಬ್ಬರಿಗೆ ಏಕೆ ಒಗ್ಗುವುದಿಲ್ಲವೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1901ರಲ್ಲಿ ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿಯು ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ತೋರಿಸಿಕೊಟ್ಟನು. ಎ, ಬಿ, ಎಬಿ, ಓ ಎಂದು ನಾವು ಇಂದು ಹೇಳುವುದು ಇವನ್ನೇ. 1940ರಲ್ಲಿ ಆರ್‌ಎಚ್ ಎಂಬ ಇನ್ನೊಂದು ಭೇದವೂ ಗೊತ್ತಾಯಿತು. ಹೊಂದದ ಗುಂಪಿನ ರಕ್ತವು ಒಳಹೊಕ್ಕರೆ ರೋಗಿಯ ದೇಹವು ಅದನ್ನು ಶತ್ರುವೆಂದೆಣಿಸಿ ಕೆಂಪು ಕಣಗಳನ್ನು ಒಡೆದುಹಾಕುತ್ತದೆ, ಮೂತ್ರಪಿಂಡಗಳು ಕೆಡುತ್ತವೆ, ಪ್ರಾಣವೇ ಹೋಗಬಹುದು.

ಆದುದರಿಂದ ರಕ್ತದ ಕೆಲಸವು ಒಂದು ಕಾಗದದಿಂದ ಮೊದಲಾಗುತ್ತದೆ. ವೈದ್ಯರು ಬರೆಯುವ ಕೋರಿಕೆಯ ಪತ್ರದಲ್ಲಿ ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ, ರೋಗ, ರಕ್ತವನ್ನು ಬೇಡುವ ಕಾರಣ, ಬೇಕಾದ ಚೀಲಗಳೆಷ್ಟು, ಯಾವ ಹೊತ್ತಿಗೆ ಬೇಕು, ಹಿಂದೆ ರಕ್ತ ಏರಿಸಿದ್ದುಂಟೇ, ಹೆಂಗಸಾದರೆ ಎಷ್ಟು ಬಸಿರುಗಳಾಗಿವೆ ಎಂಬಿವೆಲ್ಲ ಇರಬೇಕು. ಇದರೊಡನೆ ರೋಗಿಯ ರಕ್ತದ ಮಾದರಿಯೂ ಹೋಗಬೇಕು. ಆ ಸೀಸೆಗೆ ಹೆಸರಿನ ಚೀಟಿಯನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಬರೆದು ಅಂಟಿಸುವುದು ನಿಯಮ. ಇದು ಬರಿಯ ಕಚೇರಿಯ ಕಟ್ಟಳೆಯಲ್ಲ. ರಕ್ತಪೂರಣದಲ್ಲಿ ನಡೆಯುವ ದೊಡ್ಡ ಅನಾಹುತಗಳಿಗೆ ಬಹುಮಟ್ಟಿಗೆ ಕಾರಣವಾಗುವುದು ಹೆಸರು ಅದಲುಬದಲಾಗುವ ತಪ್ಪೇ.

ರಕ್ತನಿಧಿಯಲ್ಲಿ ರೋಗಿಯ ಗುಂಪನ್ನು ಮತ್ತೊಮ್ಮೆ ಪರೀಕ್ಷಿಸಿ, ದಾನಿಯ ಕಣಗಳೊಡನೆ ರೋಗಿಯ ರಕ್ತದ ತಿಳಿಯನ್ನು ಬೆರೆಸಿ ಹೊಂದಿಕೆಯನ್ನು ನೋಡುತ್ತಾರೆ. ಇದಕ್ಕೆ ಒಂದು ಗಂಟೆಯಷ್ಟು ಹೊತ್ತು ಹಿಡಿಯಬಹುದು. ಈ ಎಚ್ಚರಿಕೆಗೆ ಒಂದು ನಿದರ್ಶನವುಂಟು. 1952ರಲ್ಲಿ ಮುಂಬಯಿಯ ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಒಂದು ವಿರಳವಾದ ಗುಂಪನ್ನು ಕಂಡುಹಿಡಿದರು. ಮೇಲ್ನೋಟದ ಪರೀಕ್ಷೆಗೆ ಅದು 'ಓ' ಗುಂಪಿನಂತೆಯೇ ತೋರುತ್ತದೆ. ಆದರೆ ಆ ಜನಕ್ಕೆ ಓ ರಕ್ತವೂ ಸಲ್ಲದು. 'ಬಾಂಬೆ ಗುಂಪು' ಎಂದು ಅದಕ್ಕೆ ಹೆಸರಾಯಿತು. ಆಗ ನಾವು ಹೇಳುತ್ತಿರುವ ಈ ಮೂರು ಊರುಗಳೂ ಮುಂಬಯಿ ರಾಜ್ಯಕ್ಕೇ ಸೇರಿದ್ದವು.

ಇನ್ನು ಬಂಧುವಿನ ತೋಳಿನ ಮಾತು. ಕೊಟ್ಟ ರಕ್ತವನ್ನು ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಇವುಗಳಿಗಾಗಿ ಪರೀಕ್ಷಿಸದೆ ಯಾರಿಗೂ ಏರಿಸಕೂಡದು. ಈ ಪರೀಕ್ಷೆಗಳಿಗೆ ಗಂಟೆಗಟ್ಟಲೆ ಹೊತ್ತು ಬೇಕು. ಅದರಲ್ಲಿಯೂ ಗಂಡನ ರಕ್ತವನ್ನು ಹೆಂಡತಿಗೆ ಕೊಡದಿರುವುದೇ ಲೇಸು; ಅದರಿಂದ ಅವಳ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಮುಂದಿನ ಮಗುವಿಗೆ ಕೇಡು ಮಾಡಬಲ್ಲವು. ಹಾಗಾಗಿ ಈ ದಿನ ಪ್ರಾಣವನ್ನುಳಿಸುವ ರಕ್ತವು ಯಾರೋ ಹಿಂದೆಯೇ ಕೊಟ್ಟಿಟ್ಟ ರಕ್ತ. ಹಣಕ್ಕೆ ರಕ್ತವನ್ನು ಮಾರುವ ಪದ್ಧತಿಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ನಿಲ್ಲಿಸಲಾಗಿದೆ.

ಹೀಗೆ ಕೊಟ್ಟಿಟ್ಟ ರಕ್ತವಾದರೂ ಬಹುಕಾಲ ಉಳಿಯುವ ಪದಾರ್ಥವಲ್ಲ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ 35ರಿಂದ 42 ದಿನ ಇರುತ್ತವೆ. ಡೆಂಗಿ ಜ್ವರದಲ್ಲಿ ಕೆಲವೊಮ್ಮೆ ಬೇಕಾಗುವ ಪ್ಲೇಟ್‌ಲೆಟ್‌ಗಳು ಇರುವುದು ಐದೇ ದಿನ. ಆದುದರಿಂದ ಒಂದು ದಿನ ಶಿಬಿರ ನಡೆಸಿ ವರುಷಕ್ಕೆಲ್ಲ ಕೂಡಿಡಲು ಬಾರದು. ಪೂರ್ಣ ರಕ್ತನಿಧಿಯನ್ನು ಪ್ರತಿ ಊರಿನಲ್ಲಿಯೂ ನಡೆಸುವುದು ಕಷ್ಟವೆಂದು, ತಾಲ್ಲೂಕು ಮಟ್ಟದ ಆಸ್ಪತ್ರೆಗಳು ಒಂದು ದೊಡ್ಡ ರಕ್ತನಿಧಿಯಿಂದ ಪರೀಕ್ಷಿತ ರಕ್ತವನ್ನು ತರಿಸಿ ಇಟ್ಟುಕೊಳ್ಳುವ 'ರಕ್ತ ಶೇಖರಣಾ ಘಟಕ'ಕ್ಕೆ ಕಾನೂನು ಅವಕಾಶವಿತ್ತಿದೆ.

ಚೀಲವು ವಾರ್ಡಿಗೆ ಬಂದ ಮೇಲೂ ಕೆಲಸವು ಮುಗಿಯದು. ಇಬ್ಬರು ಕೂಡಿ ರೋಗಿಯ ಹೆಸರನ್ನೂ ಚೀಲದ ಸಂಖ್ಯೆಯನ್ನೂ ತಾಳೆ ನೋಡುತ್ತಾರೆ. ತಂಪಿನಿಂದ ತೆಗೆದ ಅರ್ಧ ಗಂಟೆಯೊಳಗೆ ಏರಿಸಲು ತೊಡಗಿ, ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮೊದಲ ಹದಿನೈದು ನಿಮಿಷ ದಾದಿಯು ರೋಗಿಯ ಬಳಿಯಲ್ಲಿಯೇ ಇರುತ್ತಾಳೆ. ಚಳಿ, ನಡುಕ, ಬೆನ್ನುನೋವು ಕಂಡರೆ ಕೂಡಲೇ ನಿಲ್ಲಿಸುತ್ತಾಳೆ. ಸಾಮಾನ್ಯವಾಗಿ ಒಂದು ಚೀಲದಿಂದ ಹಿಮೋಗ್ಲೋಬಿನ್ ಏರುವುದು ಒಂದು ಗ್ರಾಮಿನಷ್ಟು. "ಶಕ್ತಿಗೆಂದು ಒಂದು ಬಾಟಲಿ ಹಾಕಿಬಿಡಿ" ಎಂದು ಕೇಳುವವರಿದ್ದಾರೆ, ರಕ್ತವು ಟಾನಿಕ್ಕಲ್ಲ.

ಈಗ ನಮ್ಮ ಮೂರು ಊರುಗಳನ್ನು ನೆನೆಯೋಣ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರು. ಕುಮಟೆಯಿಂದ ಕಾರವಾರಕ್ಕೆ ಸುಮಾರು 70. ಹೊನ್ನಾವರವು ಇವೆರಡರ ನಡುವೆ. ತುಂಬುಗರ್ಭಿಣಿಯ ಗರ್ಭಕೋಶಕ್ಕಾದರೋ ನಿಮಿಷಕ್ಕೆ ಅರ್ಧ ಲೀಟರಿನಷ್ಟು ಇಲ್ಲವೆ ಅದಕ್ಕೂ ಮಿಕ್ಕಿ ರಕ್ತವು ಹರಿಯುತ್ತಿರುತ್ತದೆ. ಅದು ಸೋರತೊಡಗಿದರೆ ದಾರಿ ಸವೆಯುವವರೆಗೆ ಕಾಯುವುದಿಲ್ಲ. ದಾರಿಯೂ ಎಲ್ಲ ಕಾಲದಲ್ಲಿ ತೆರೆದಿರುತ್ತದೆಂದು ನಂಬಲಾಗದು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕುಮಟೆಗೂ ಕಾರವಾರಕ್ಕೂ ನಡುವಣ ಹೆದ್ದಾರಿ ಮುಚ್ಚಿಹೋದುದು ಎಲ್ಲರ ನೆನಪಿನಲ್ಲಿದೆ.

ಆದುದರಿಂದ ಇಲ್ಲಿ ರಕ್ತವನ್ನು ಬೇಡುವ ಕಾಲವು ಹೆರಿಗೆಯ ರಾತ್ರಿಯಲ್ಲ. ಅದಕ್ಕೆ ತಿಂಗಳುಗಳ ಹಿಂದೆ. ಬಸುರಿಯ ಗುಂಪನ್ನೂ ಹಿಮೋಗ್ಲೋಬಿನ್ನನ್ನೂ ಮೊದಲ ತಿಂಗಳುಗಳಲ್ಲಿಯೇ ಪರೀಕ್ಷಿಸಿ, ರಕ್ತಹೀನತೆಯಿದ್ದರೆ ಕಬ್ಬಿಣದ ಮಾತ್ರೆಗಳಿಂದ ಆಗಲೇ ಸರಿಪಡಿಸುವುದು ಲೇಸು. ಆರ್‌ಎಚ್ ನೆಗೆಟಿವ್ ಆಗಿದ್ದರೆ, ಮೊದಲೇ ಸಿಸೇರಿಯನ್ ಆಗಿದ್ದರೆ, ಅವಳ ಗುಂಪಿನ ರಕ್ತವು ಎಲ್ಲಿ ಸಿದ್ಧವಾಗಿರುತ್ತದೆಂದು ವೈದ್ಯರನ್ನು ಮುಂಚೆಯೇ ಕೇಳಿಟ್ಟುಕೊಳ್ಳತಕ್ಕುದು.

ಹದಿನೆಂಟರಿಂದ ಅರುವತ್ತೈದರೊಳಗಿನ ಆರೋಗ್ಯವಂತರು, 45 ಕಿಲೋ ತೂಕಕ್ಕೆ ಕಡಮೆಯಿಲ್ಲದವರು, ಹಿಮೋಗ್ಲೋಬಿನ್ 12.5 ಗ್ರಾಮಿಗೆ ಕಡಮೆಯಿಲ್ಲದವರು, ಗಂಡಸರು 90 ದಿನಗಳಿಗೊಮ್ಮೆಯೂ ಹೆಂಗಸರು 120 ದಿನಗಳಿಗೊಮ್ಮೆಯೂ ರಕ್ತವನ್ನು ಕೊಡಬಹುದು. ಯಾರೂ ಕರೆಯದಿದ್ದಾಗ, ಯಾರ ಹೆಸರನ್ನೂ ಅರಿಯದೆ ಕೊಟ್ಟ ರಕ್ತವೇ ಕರೆ ಬಂದ ರಾತ್ರಿ ಕೆಲಸಕ್ಕೆ ಬರುವುದು. ಮಳೆಗಾಲಕ್ಕೆ ಕಟ್ಟಿಗೆಯನ್ನು ಬೇಸಗೆಯಲ್ಲಿಯೇ ಕೂಡಿಡುವ ಕರಾವಳಿಯವರಿಗೆ ಈ ನೀತಿಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ.