ಏರುವ ವಿದ್ಯೆ, ಇಳಿಸುವ ವಿದ್ಯೆ

ಮರವೇರುವುದರಲ್ಲಿಯೂ ಪಂದ್ಯವೇ ಎಂದು ಹುಬ್ಬೇರಿಸುವವರುಂಟು. ಹೌದು, ಅದೂ ಹಲವು ದೇಶಗಳ ಪಟುಗಳು ಸೇರುವ ಪಂದ್ಯ. ಬೀದಿ, ಉದ್ಯಾನಗಳ ಹೆಮ್ಮರಗಳನ್ನೇರಿ ಕೊಂಬೆ ಸವರುವುದನ್ನೇ ವೃತ್ತಿಯಾಗಿ ಹಿಡಿದವರಿಗಾಗಿ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಅರ್ಬೊರಿಕಲ್ಚರ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. 1976ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಇದು ಮೊದಲ್ಗೊಂಡಾಗ, ಮರದ ಮೇಲೆ ಅಪಾಯಕ್ಕೆ ಸಿಲುಕಿದ ಸಂಗಡಿಗನನ್ನು ಕೆಳಗಿಳಿಸುವ ಶಿಕ್ಷಣಕ್ಕೆ ಉತ್ತೇಜನ ಕೊಡುವುದೂ ಅದರ ಆಶಯವಾಗಿತ್ತು. ಇದನ್ನು ಮರೆತವನು ಈ ಪಂದ್ಯವನ್ನು ಅರಿಯಲಾರ, ಗೆಲ್ಲಲೂ ಆರ.

ಮೊದಲ ಸುತ್ತಿನಲ್ಲಿ ಐದು ಪರೀಕ್ಷೆಗಳು. ಹುರಿಗೆ ಕಟ್ಟಿದ ಪುಟ್ಟ ಭಾರದ ಚೀಲವನ್ನೆಸೆದು ಎತ್ತರದ ಗುರಿಯ ಮೇಲೆ ಹಾಯಿಸುವುದು, ಹಗ್ಗವನ್ನೇರುವುದು, ರಕ್ಷಣೆಯ ಹಗ್ಗ ಕಟ್ಟಿಕೊಂಡು ಕಾಂಡ, ಕೊಂಬೆಗಳನ್ನು ಹಿಡಿದು ವೇಗವಾಗಿ ಏರುವುದು, ಮರದಲ್ಲಿ ಕೆಲಸ ಮಾಡುವುದು, ಗಾಯಾಳುವಿನ ಸ್ಥಾನದಲ್ಲಿಟ್ಟ ಬೊಂಬೆಯನ್ನು ಇಳಿಸುವುದು. ಏರುವ ವೇಗವನ್ನೇ ಅಳೆಯುವ ಪರೀಕ್ಷೆಗಳು ಇವುಗಳಲ್ಲಿ ಎರಡೇ ಎಂಬುದನ್ನು ಗಮನಿಸಬೇಕು.

ಸ್ಪರ್ಧಿಸಬಯಸುವವರಿಗೆ ನಾನು ಹೇಳುವ ಮೊದಲ ಮಾತು: ಏರುವ ಮುನ್ನ ಮರವನ್ನು ಓದಿರಿ. ಒಣಗಿದ ಕೊಂಬೆ ಯಾವುದು, ಪೊಟರೆ ಎಲ್ಲಿದೆ, ಹಗ್ಗಕ್ಕೆ ಆಸರೆಯಾಗುವ ಕವಲು ಗಟ್ಟಿಯೇ, ಇವನ್ನು ನೆಲದ ಮೇಲೆಯೇ ನಿರ್ಧರಿಸಿರಿ. ಕೆಲಸದ ಪರೀಕ್ಷೆಯಲ್ಲಿ ಅಲ್ಲಲ್ಲಿ ತೂಗಿದ ಗಂಟೆಗಳನ್ನು ಗರಗಸದಿಂದ ಮುಟ್ಟಿ ಬಾರಿಸಬೇಕು; ಒಂದೆಡೆ ಕೊಂಬೆಯ ಮೇಲೆ ತುದಿಯತ್ತ ನಡೆಯಬೇಕು. ಅಲ್ಲಿ ಮೈಭಾರವೆಲ್ಲ ಕೊಂಬೆಯ ಮೇಲೆ ಬಿದ್ದರೆ ಅಂಕ ಕೈತಪ್ಪುತ್ತದೆ. ಭಾರ ಹಗ್ಗದ ಮೇಲಿರಲಿ. ಕೊಂಬೆ ಬರಿಯ ದಾರಿ.

ಎರಡನೆಯದು, ಆ ದಿನಕ್ಕೆಂದು ಹೊಸ ಸಲಕರಣೆ ತರಬೇಡಿರಿ. ಸ್ಪರ್ಧೆಗೆ ಮುನ್ನ ನಡೆಯುವ ತಪಾಸಣೆ ಹಗ್ಗದ ಸವೆತವನ್ನು ಕಂಡೀತು, ಕೈಗೆ ಪಳಗಿಲ್ಲದ್ದನ್ನು ಕಾಣದು. ಮೂರನೆಯದು, ಒಂದು ಆಧಾರವನ್ನು ಬಿಚ್ಚುವ ಮೊದಲು ಇನ್ನೊಂದನ್ನು ಭದ್ರಪಡಿಸಿರಿ. ಅಪಾಯಕರ ನಡೆ ಕಂಡರೆ ತೀರ್ಪುಗಾರರು ಸ್ಪರ್ಧಿಯನ್ನು ಹೊರಗಿಡಬಲ್ಲರು. ಆಗ ಉಳಿಸಿದ ಕ್ಷಣಗಳಿಂದ ಏನು ಬಂತು?

ಇನ್ನು ಬೊಂಬೆಯನ್ನಿಳಿಸುವ ಪರೀಕ್ಷೆ. ಅವಧಿ ಐದೇ ನಿಮಿಷ. ಆದ್ದರಿಂದ ಮರಕ್ಕೆ ಒಡನೆಯೇ ಹಾರುವ ಹಂಬಲ ಸಹಜ. ಅದನ್ನು ತಡೆಯಬೇಕು. ಮೊದಲು ನೆರವಿಗೆ ಕೂಗು, ಬಳಿಕ ವಿದ್ಯುತ್ ತಂತಿ, ಮುರಿದ ಕೊಂಬೆ ಮುಂತಾದ ಅಪಾಯಗಳ ಪರಿಶೀಲನೆ, ಗಾಯಾಳುವಿಗೆ ಧೈರ್ಯದ ಮಾತು, ಆಮೇಲೆ ಏರಿಕೆ. ಬೊಂಬೆಗೆ ಏನು ಧೈರ್ಯ ಹೇಳುವುದೆಂದು ನಗಬೇಡಿರಿ. ಬೊಂಬೆಯೊಡನೆ ಆಡಿ ರೂಢಿಯಾದ ಮಾತೇ ನಾಳೆ ಮನುಷ್ಯನ ಮುಂದೆ ನಾಲಗೆಗೆ ಬರುತ್ತದೆ.

ಮಲೆನಾಡಿನ ಅಡಿಕೆ ತೋಟಗಳ ನಡುವೆ ಬೆಳೆದ ನನಗೆ ಇದನ್ನು ಹೇಳುವಾಗ ಕೊನೆಗೌಡರ ನೆನಪಾಗದಿರದು. ಕಾಲಿಗೆ ತಳೆ ಹಾಕಿ ಅವರು ಮರವೇರುವ ಸೊಬಗು ಯಾವ ಪಂದ್ಯಕ್ಕೂ ಕಡಿಮೆಯದಲ್ಲ. ಆದರೆ ಬಿದ್ದು ಬೆನ್ನು ಮುರಿದುಕೊಂಡವರೂ ನಮ್ಮ ಸೀಮೆಯಲ್ಲಿ ಅಪರೂಪವಲ್ಲ. ಏರುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೇಲೆ ತಲೆಸುತ್ತಿ ನಿಂತವನನ್ನು ಕ್ಷೇಮವಾಗಿ ಇಳಿಸುವುದು ಹೇಗೆಂಬುದನ್ನು ಕೆಳಗೆ ನಿಂತ ಜೊತೆಗಾರನೂ ಬಲ್ಲವನಾಗಬೇಕು. ಈ ಪಂದ್ಯದಿಂದ ನಾವು ತರಬೇಕಾದದ್ದು ಬಹುಮಾನವನ್ನಲ್ಲ, ಆ ವಿದ್ಯೆಯನ್ನು.