ಕೆನರಾದ ‘ಒಣ ತೋಟ’: ಸಸ್ಯೋದ್ಯಾನದ ಚರಿತ್ರೆಗೊಂದು ಟಿಪ್ಪಣಿ

ವಿಶ್ವವಿದ್ಯಾನಿಲಯಗಳ ಸಸ್ಯೋದ್ಯಾನವು ಹುಟ್ಟಿದ್ದು ವಿಹಾರಕ್ಕಾಗಿ ಅಲ್ಲ. ನಿಜವಾದ ಮೂಲಿಕೆ ಯಾವುದು, ಹುಸಿ ಯಾವುದು ಎಂಬುದನ್ನು ವೈದ್ಯ ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಾಗಿ. ಇಟಲಿಯ ಪೀಸಾದಲ್ಲಿ ಲೂಕಾ ಗಿನಿಯು 1544ರ ಸುಮಾರಿಗೆ ಇಂತಹ ತೋಟವನ್ನು ಏರ್ಪಡಿಸಿದನು. 1545ರಲ್ಲಿ ಸ್ಥಾಪಿತವಾದ ಪಾದುವಾದ ಉದ್ಯಾನವು ಅದೇ ನೆಲದಲ್ಲಿ ಇಂದಿಗೂ ಉಳಿದಿದೆ. ಗಿಡಗಳನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿಡುವ ಕ್ರಮವನ್ನು ರೂಢಿಗೆ ತಂದವನೂ ಗಿನಿಯೇ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಒಣ ತೋಟ’ ಎಂದೇ ಹೆಸರು.

ನಮ್ಮ ಕರಾವಳಿಯ ಸಸ್ಯಗಳಿಗೆ ಮೊದಲು ದೊರೆತುದು ಈ ಒಣ ತೋಟವೇ, ಅದೂ ಕಡಲಾಚೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳಲ್ಲಿ ಮೆಟ್ಸ್ ಎಂಬವರು 1840ರ ದಶಕದಲ್ಲಿ ಇಲ್ಲಿಯ ಗಿಡಗಳನ್ನು ಕೂಡಿಸಿದರು. ಜರ್ಮನಿಯ ಹೊಹೆನಾಕರ್ ಅವನ್ನು ಕಟ್ಟುಕಟ್ಟಾಗಿ ಯುರೋಪಿನ ಸಂಗ್ರಹಾಲಯಗಳಿಗೆ ಮಾರಿದನು. ಹಾಳೆಯ ಚೀಟಿಯಲ್ಲಿ ಅನೇಕ ವೇಳೆ ಇರುವುದು ‘ಕೆನರಾ ದೇಶ’ ಎಂಬಷ್ಟೇ ಮಾತು. ಉಡುಪಿ, ಕಾರ್ಕಳಗಳೂ ಆಗ ಕೆನರಾ ಜಿಲ್ಲೆಗೇ ಸೇರಿದ್ದವು. ಗಿಡವು ಕಾಪುವಿನ ಕಡಲಂಚಿನದೋ ಕಾರ್ಕಳದ ಘಟ್ಟದ ಬುಡದ್ದೋ ಎಂದು ಕೇಳಿದರೆ ಆ ಚೀಟಿಯಲ್ಲಿ ಉತ್ತರವಿಲ್ಲ. ಚರಿತ್ರೆಯ ವಿದ್ಯಾರ್ಥಿಗೆ ಇದು ಸಣ್ಣ ಕೊರತೆಯಲ್ಲ. ಕೊಚ್ಚಿಯಲ್ಲಿ ಡಚ್ಚರು ಸಿದ್ಧಪಡಿಸಿದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥವು ಈ ದೃಷ್ಟಿಯಿಂದ ಮೇಲು. ಅದರಲ್ಲಿ ಗಿಡಗಳ ದೇಶೀಯ ನಾಮಗಳಿವೆ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ವೈದ್ಯರು 1675ರಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ ಇದೆ.

ಊರೂರಿನ ಗುರುತು ಕೊಡುವ ಕೆಲಸವು ನಡೆದುದು ಬಹುಕಾಲದ ಅನಂತರ, ಉಡುಪಿಯಲ್ಲಿಯೇ. ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿದ ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ ಎಂಬ ಗ್ರಂಥವು 2003ರಲ್ಲಿ ಹೊರಬಂದಿತು. ಒಬ್ಬ ಅಧ್ಯಾಪಕರ ತಿರುಗಾಟದಿಂದ ಎಷ್ಟು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಹಸಿ ತೋಟದ ವಿಷಯಕ್ಕೆ ಬಂದರೆ, ಪಾದುವಾದ ಮೂಲ ಉದ್ದೇಶಕ್ಕೆ ಸಮೀಪವಾದುದು ಉಡುಪಿಯ ಕುತ್ಪಾಡಿಯಲ್ಲಿರುವ ಆಯುರ್ವೇದ ಕಾಲೇಜಿನ ಔಷಧೀವನ. ಅಶೋಕದ ತೊಗಟೆಯೆಂದು ಅಂಗಡಿಗಳಲ್ಲಿ ಬೇರೊಂದು ಮರದ ತೊಗಟೆ ಮಾರಾಟವಾಗುವುದುಂಟು. ಸಾಲುಮರವಾಗಿ ನೆಡುವ, ಜನರು ಅಶೋಕವೆಂದೇ ಕರೆಯುವ ಮರವದು. ಎರಡನ್ನೂ ಬೆಳೆದು ನಿಂತಂತೆ ಕಂಡ ವಿದ್ಯಾರ್ಥಿಯು ಮೋಸಹೋಗಲಾರನು.

ಆದರೆ ಎಲ್ಲ ಸಸ್ಯಗಳೂ ತೋಟಕ್ಕೆ ಬಾರವು. ನಮ್ಮ ಜಿಲ್ಲೆಯ ಮುರಕಲ್ಲಿನ ಪಾರೆಗಳು ಬೇಸಗೆಯಲ್ಲಿ ಬರಡಾಗಿ ತೋರುತ್ತವೆ. ಮಳೆಗಾಲದಲ್ಲಿ ಅವುಗಳ ಮೇಲಿನ ತೆಳುನೀರಿನಲ್ಲಿ ಕೀಟಾಹಾರಿ ಸಸ್ಯಗಳು ಹೂ ಬಿಡುತ್ತವೆ. ಸತ್ತ್ವಹೀನ ನೆಲವೇ ಅವುಗಳಿಗೆ ಆಧಾರ; ಗೊಬ್ಬರದ ಮಣ್ಣು ಹರಡಿದರೆ ಹುಲ್ಲು ಅವನ್ನು ಮುಚ್ಚಿಬಿಡುತ್ತದೆ. ಮಣಿಪಾಲದಂತಹ ಗುಡ್ಡದ ಮೇಲೆ ಉದ್ಯಾನವನ್ನು ಯೋಜಿಸುವವರು ಒಂದಿಷ್ಟು ಪಾರೆಯನ್ನು ಒಡೆಯದೆ, ಮಣ್ಣು ತುಂಬದೆ, ಹೆಸರಿನ ಫಲಕಗಳನ್ನು ಮಾತ್ರ ನೆಟ್ಟು ಹಾಗೆಯೇ ಬಿಡುವುದು ಯುಕ್ತ.